ಎತ್ತಬಾರದಿದ್ದ ಟೇಪು

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಈ ಕಾಗದವನ್ನು ತಮ್ಮನ ಎದುರಿಗೆ ಓದಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ತಕ್ಷಣ ಬಾಯಿ ಕಟ್ಟಿಹೋಗುತ್ತದೆ. ಬಾಯಿಬಡುಕಿ ಎಂದು ನೀನು ಬೈಯುವ ಮಗಳಿಗೇ ಈ ಗತಿ, ನೋಡು.

ಹೋದ ವರ್ಷ ರಜೆ ಮುಗಿಸಿ ಬಂದವಳು ಎಷ್ಟು ಹಿಗ್ಗಿ ಬರೆದಿದ್ದೆ! ಬೆಳೆದ ಮಿದುಳಿನಲ್ಲೂ, ನೆನಪು ಕೂಡಿಡುವ ಜಾಗದಲ್ಲಿ ಹೊಸ ನರಕೋಶಗಳು ಹುಟ್ಟುತ್ತವೆ; ಅಲ್ಲಿನ ಕಾವಲು ಕೋಶಗಳು ಸತ್ತದ್ದನ್ನು ನುಂಗಿ ಚೊಕ್ಕಟ ಮಾಡುತ್ತವೆ, ಎಳೆಯವನ್ನು ಸಾಕುತ್ತವೆ; ತಮ್ಮನಿಗೆ ಬಂದಂತೆ ಜ್ವರ ಮಿದುಳಿಗೇರಿದರೆ ಅವೇ ಸಿಟ್ಟಿಗೆದ್ದು ಎಳೆಯವನ್ನು ಬದುಕಗೊಡುವುದಿಲ್ಲ ಎಂದೆಲ್ಲ. ನಮ್ಮ ಪ್ರಯೋಗಾಲಯದ ಔಷಧಿ ಕೊಟ್ಟ ಇಲಿಗಳಲ್ಲಿ ಆ ಸಿಟ್ಟು ಇಳಿದು ಹೊಸ ಕೋಶಗಳು ಎರಡರಷ್ಟಾಗಿವೆ, ತಮ್ಮನಿಗೂ ಕಾಲ ಬರುತ್ತದೆ ಎಂದೆ. ಬೆಳೆದ ಮನುಷ್ಯರಲ್ಲೂ ಹಾಗೆ ಹೊಸ ಕೋಶ ಹುಟ್ಟುತ್ತವೆಯೇ ಎಂದು ಬಲ್ಲವರೇ ಇನ್ನೂ ಜಗಳವಾಡುತ್ತಿದ್ದಾರೆ ಎಂಬುದನ್ನು ಮಾತ್ರ ಬರೆಯಲಿಲ್ಲ.

ಅಮ್ಮಾ, ಆ ಎಣಿಕೆ ತಪ್ಪು.

ನಮ್ಮಲ್ಲೊಂದು ಕಟ್ಟುನಿಟ್ಟಿದೆ. ಮಿದುಳಿನ ತೆಳು ಪದರವನ್ನು ಗಾಜಿನ ಸ್ಲೈಡಿನ ಮೇಲಿಟ್ಟು, ಅದು ಯಾವ ಇಲಿಯದೆಂದು ಬರೆದ ಚೀಟಿಗೆ ಕಪ್ಪು ಟೇಪು ಅಂಟಿಸುತ್ತಾರೆ. ಹೊಸ ಕೋಶಗಳು ಬಣ್ಣ ಹಿಡಿದು ಚುಕ್ಕೆಗಳಾಗಿ ಕಾಣುತ್ತವೆ, ಅವನ್ನು ಎಣಿಸಬೇಕು. ಔಷಧಿ ಬಿದ್ದದ್ದು ಯಾವುದಕ್ಕೆಂದು ಎಣಿಸುವವರಿಗೆ ತಿಳಿಯಕೂಡದು. ನಾನು ಟೇಪು ಎತ್ತಿ ನೋಡಿದೆ. ಬೇಕೆಂದು ಸುಳ್ಳು ಅಂಕಿ ಬರೆಯಲಿಲ್ಲ, ನಿನ್ನಾಣೆ. ಆದರೆ ಔಷಧಿಯ ಇಲಿಯಲ್ಲಿ ಮಸುಕು ಚುಕ್ಕೆ ಕಂಡರೂ ಹೊಸದೇ ಇರಬೇಕು ಎನ್ನಿಸುತ್ತಿತ್ತು. ಕಾವಲು ಕೋಶ ನುಂಗಿದ್ದ ಸತ್ತ ಚೂರನ್ನೂ ಹೊಸ ಜೀವವೆಂದು ಎಣಿಸಿದೆ. ಔಷಧಿ ಕೊಡದ ಗುಂಪಿನಲ್ಲಿ ಅಂಥದೇ ಕಂಡಾಗ ಕೊಳೆ ಎಂದು ಬಿಟ್ಟೆ. ಜೊತೆ ಕೆಲಸದವಳು ಟೇಪು ಮುಟ್ಟದೆ ಮತ್ತೆ ಎಣಿಸಿದಳು. ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲ. ಪ್ರಯೋಗಾಲಯ ನಡೆಸುವ ಮೇಡಂ ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕನ್ನಡಕ ತೆಗೆದಿಟ್ಟು, ಇವತ್ತು ಮನೆಗೆ ಹೋಗಮ್ಮ ಎಂದರು, ಅಷ್ಟೆ. ಇದಾಗಿ ನಾಲ್ಕು ತಿಂಗಳು. ನಿನಗೆ ಮಾತ್ರ ಇನ್ನೂ ಎಣಿಸುತ್ತಿದ್ದೇವೆ ಎಂದೇ ಬರೆಯುತ್ತಾ ಬಂದೆ.

ಇಷ್ಟರಲ್ಲಿ ನೀನು ತರಬೇತಿ ಕೇಂದ್ರದವರನ್ನು ಎರಡು ಸಲ ವಾಪಸು ಕಳಿಸಿದೆ. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟು, ನೋಡಿಕೊಂಡು ದಿನ ಕಳೆಯುವುದನ್ನು ಕಲಿಸುತ್ತೇವೆ ಅಂದರೆ, ನನ್ನ ಮಗ ಹುಷಾರಾಗ್ತಾನೆ, ಅದೆಲ್ಲ ಯಾಕೆ ಅಂದೆಯಂತೆ. ಅವನ ಜ್ವರ ಇಳಿದ ಮೇಲೆ ಅಪ್ಪ ತೀರಿಕೊಂಡದ್ದನ್ನೂ ಹುಷಾರಾದ ನಂತರ ಹೇಳೋಣವೆಂದು ನೀನು ಮುಚ್ಚಿಟ್ಟೆ. ಹಳೆಯದೆಲ್ಲ ನೆನಪಿರುವ, ಹೊಸದೊಂದೂ ನಿಲ್ಲದ ಆ ಹುಡುಗ ದಿನಾ ಬೆಳಿಗ್ಗೆ ಅಪ್ಪ ಎಲ್ಲಿ ಅನ್ನುತ್ತಾನೆ; ಕೆಲಸಕ್ಕೆ ಹೋಗಿದ್ದಾರೆ ಅನ್ನುತ್ತೀಯ. ಎರಡು ವರ್ಷದಿಂದ! ಹೇಗೆ ಸಹಿಸಿಕೊಂಡಿದ್ದೀಯೋ. ಇನ್ನು ಕಾಯಬೇಡಮ್ಮ, ಆ ಔಷಧಿ ಬರುವುದಿಲ್ಲ. ಕೇಂದ್ರದಲ್ಲಿ ಉಳಿದಿರುವುದು ಒಂದೇ ಜಾಗ, ಅದೂ ಈ ತಿಂಗಳ ಕೊನೆಯವರೆಗೆ. ಅರ್ಜಿಗೆ ಸಹಿ ಹಾಕು. ಆಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈ.

ನಿನ್ನ ತಪ್ಪಿತಸ್ಥೆ,
ದೊಡ್ಡ ಮಗಳು

ತಾ.ಕ.: ಟೇಪು ಯಾಕೆ ಎತ್ತಿದೆ ಎಂದು ನೀನು ಕೇಳೇ ಕೇಳುತ್ತೀಯ. ಆ ರಜೆಯಲ್ಲಿ ನೀನು ಮಾತ್ರೆ ತರಲು ಹೋಗಿದ್ದಾಗ ಅವನಿಗೆ ಅಪ್ಪನ ವಿಷಯ ಹೇಳಿಬಿಟ್ಟೆ. ನನ್ನ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. ನಾನು ಚಹಾ ಮಾಡಿ ತರುವಷ್ಟರಲ್ಲಿ ಎಲ್ಲ ಮರೆತಿದ್ದ. ಅಕ್ಕಾ, ನಿನ್ನ ಕಣ್ಣು ಯಾಕೆ ಕೆಂಪಗಿದೆ, ಯಾರು ಬೈದರು ಅಂದ. ನನಗೆ ಬೇರೇನೂ ತೋಚದೆ ಅಪ್ಪ ಬೈದರು ಅಂದೆ. ಬರಲಿ ಇರು, ನಾನು ವಿಚಾರಿಸ್ಕೋತೀನಿ ಎಂದು ಬಾಗಿಲಿಗೆ ಕುರ್ಚಿ ಎಳೆದುಕೊಂಡು, ಯಾಕೆಂಬುದು ಮರೆತ ಮೇಲೂ, ನೀನು ಬರುವವರೆಗೂ ಅಪ್ಪನ ದಾರಿ ಕಾಯುತ್ತಾ ಕುಳಿತಿದ್ದ.