ಹನ್ನೆರಡರಂದು ಬರೆದ ಮೂರನೇ ತಾರೀಖಿನ ಬೋರ್ಡು

ರಸ್ತೆ ಕಾಮಗಾರಿ ವಿಭಾಗದ ಮಾನ್ಯ ಎಂಜಿನಿಯರ್ ಸಾಹೇಬರೇ,

ನಿಮ್ಮ ಕಚೇರಿಯವರು ನ್ಯಾಯಾಲಯಕ್ಕೆ ಕೊಟ್ಟಿರುವ ಫೋಟೋದಲ್ಲಿ ಕಾಣುವ ಎಚ್ಚರಿಕೆ ಬೋರ್ಡು ನನ್ನ ಅಕ್ಕ ಸತ್ತ ದಿನ ಆ ರಸ್ತೆಯಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದನ್ನು ಬರೆದವನು ನಾನು, ಬರೆದದ್ದು ಅವಳು ಸತ್ತ ಮೂರು ದಿನದ ಮೇಲೆ.

ಊರಿಗೆಲ್ಲ ಗೊತ್ತಿರುವುದನ್ನು ನಿಮಗಾಗಿ ಇನ್ನೊಮ್ಮೆ ಹೇಳುತ್ತೇನೆ. ಮೇಜಿನ ಮೇಲೆ ಕಡತ ಹೆಚ್ಚಾದಾಗ ಸತ್ತವರು ಅಡಿಗೆ ಸೇರಿಬಿಡುವುದು ಸಹಜ. ಒಂಬತ್ತನೇ ತಾರೀಖು ಸಂಜೆ ಭಾವ ಕಾರು ಓಡಿಸುತ್ತಿದ್ದರು, ಅಕ್ಕ ಪಕ್ಕದಲ್ಲಿದ್ದಳು. ಮೋರಿಗೆಂದು ನೀವು ತೋಡಿಸಿದ ಹಳ್ಳ ತಿರುವಿನ ಆಚೆ ಬಾಯಿ ತೆರೆದುಕೊಂಡಿತ್ತು. ಅಡ್ಡಲಾಗಿ ಒಂದು ಕಲ್ಲಿಲ್ಲ, ಒಂದು ಚಿಂದಿ ಕೆಂಪು ಬಟ್ಟೆಯಿಲ್ಲ. ಅಕ್ಕ ಅಲ್ಲೇ ಹೋದಳು. ಕಾಲು ಮುರಿದುಕೊಂಡು ಉಳಿದ ಭಾವ ಈಗ ಅಜಾಗರೂಕತೆಯಿಂದ ಹೆಂಡತಿಯ ಸಾವಿಗೆ ಕಾರಣರಾದ ಆರೋಪಿ.

ಎರಡು ವರ್ಷದಿಂದ ಕೋರ್ಟಿನ ಬೆಂಚು ಸವೆಸುತ್ತಿದ್ದೇವೆ. ಒಮ್ಮೆ ನ್ಯಾಯಾಧೀಶರು ರಜೆ, ಒಮ್ಮೆ ವಕೀಲರು ರಜೆ, ಒಮ್ಮೆ ಕರೆಂಟೇ ರಜೆ. ಕಳೆದ ತಿಂಗಳು ಕೊನೆಗೂ ನಿಮ್ಮ ಕಿರಿಯ ಎಂಜಿನಿಯರ್ ಸಾಕ್ಷಿಗೆ ಬಂದು ಫೋಟೋ ಹಾಜರುಪಡಿಸಿದರು. 'ನಿಧಾನ! ಮುಂದೆ ಕಾಮಗಾರಿ ನಡೆಯುತ್ತಿದೆ' ಎಂಬ ಬೋರ್ಡು, ಕೆಳಗೆ ಮೂರನೇ ತಾರೀಖು. ಆರು ದಿನ ಮೊದಲೇ ಎಚ್ಚರಿಸಿದ್ದೆವು ಎಂದರು. ಮೂವತ್ತು ವರ್ಷ ಬೋರ್ಡು ಬರೆದವನಿಗೆ ತನ್ನ ಅಕ್ಷರ ಗುರುತು ಸಿಗುವುದಿಲ್ಲವೇ?

ಅಕ್ಕ ಸತ್ತ ತಿಂಗಳ ಹನ್ನೆರಡರಂದು ಮನೆಯಲ್ಲಿ ಕೂರಲಾಗದೆ ಅಂಗಡಿ ಬಾಗಿಲು ತೆಗೆದಿದ್ದೆ. ನಿಮ್ಮ ಕಚೇರಿಯ ಜವಾನ ಚೀಟಿ ತಂದ.

"ಅರ್ಜೆಂಟಣ್ಣ, ಮಧ್ಯಾಹ್ನದೊಳಗೆ ಬೇಕಂತೆ."

"ತಾರೀಖು ಮೂರು ಅಂತಿದೆಯಲ್ಲಪ್ಪ?"

"ಸಾಹೇಬ್ರು ಬರ್ದು ಕೊಟ್ಟಿದ್ದು. ನಮಗ್ಯಾಕೆ ಬಿಡಿ."

ನಮ್ಮ ಕಸುಬೇ ಹಾಗೆ, ಸಾಹೇಬರೇ. ಚೀಟಿಯಲ್ಲಿ ಇದ್ದದ್ದು ಬೋರ್ಡಿಗೆ. 'ಶುದ್ಧ ಹಾಲು' ಎಂದು ಬರೆಯುವ ಮುಂಚೆ ನಾವು ಹಾಲು ಕುಡಿದು ನೋಡುವುದಿಲ್ಲ. ಆಮೇಲೆ ಯಾರೂ ತಕರಾರು ತೆಗೆಯಬಾರದೆಂದು ಚೀಟಿಯ ಹಿಂದೆ ಕೆಲಸ ಬಂದ ದಿನ, ಕೊಟ್ಟ ದಿನ ಬರೆದು, ಸಹಿ ಹಾಕಿ, ಬೋರ್ಡಿನ ಜೊತೆಗೇ ವಾಪಸ್ಸು ಕಳಿಸುತ್ತೇವೆ. ಅವತ್ತೂ ಹಾಗೇ ಮಾಡಿದೆ. ಆ ಬೋರ್ಡು ಎಲ್ಲಿಗೆ ಹೋಗುತ್ತದೆ ಎಂದು ಅತ್ತು ಮಂಕಾಗಿದ್ದ ತಲೆಗೆ ಹೊಳೆಯಲೇ ಇಲ್ಲ. ಚೆನ್ನಾಗಿ ಕಾಣಲಿ ಎಂದು ಎರಡನೇ ಸಲ ಬಣ್ಣ ಬೇರೆ ಕೊಟ್ಟೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

"ಭಾಮೈದನ ಮಾತು ಯಾರ್ರೀ ನಂಬ್ತಾರೆ? ಆ ಚೀಟಿ ತನ್ನಿ," ಎಂದರು ನಮ್ಮ ವಕೀಲರು. ನಾಲ್ಕು ಸಲ ನಿಮ್ಮ ಕಚೇರಿಗೆ ಬಂದೆ. ಕಡತ ಮೇಲಿನ ಮಹಡಿಗೆ ಹೋಗಿದೆ ಎಂದರು; ಮೇಲೆ ಹೋದರೆ ಈಗಷ್ಟೇ ಕೆಳಗಿಳಿಯಿತು ಎಂದರು. ಕಾಲು ಮುರಿದ ಭಾವನಿಗೆ ಕೋರ್ಟಿನ ಮೆಟ್ಟಿಲು ಹತ್ತಲಾಗುವುದಿಲ್ಲ. ನಿಮ್ಮ ಕಡತಕ್ಕೆ ಎಂಥ ಗಟ್ಟಿ ಕಾಲು!

ಆದರೆ ಈ ಪತ್ರ ಬರೆಯುತ್ತಿರುವುದು ಅದಕ್ಕೂ ಅಲ್ಲ. ಫೋಟೋ ನೋಡಿದ ದಿನದಿಂದ ಭಾವನಿಗೆ ತಮ್ಮ ಕಣ್ಣಿನ ಮೇಲೇ ನಂಬಿಕೆ ಹೋಗಿದೆ.

"ಬೋರ್ಡ್ ಇತ್ತೇನೋ ಕಣೋ. ನಾನೇ ನೋಡ್ಲಿಲ್ವೇನೋ."

"ಅದನ್ನ ಬರೆದೋನೇ ನಾನು ಭಾವ, ಆಮೇಲೆ ಬರೆದಿದ್ದು!"

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ಸಾಕಾಗಿದೆ ನಂಗೆ."

ಮುಂದಿನ ವಿಚಾರಣೆಯಲ್ಲಿ ತಪ್ಪೊಪ್ಪಿಕೊಂಡುಬಿಡುತ್ತಾರಂತೆ. ಕಾಲೇಜಿಗೆ ಹೋಗುವ ಅವರ ಮಗಳು ಅಪ್ಪ ಇರುವ ಕೋಣೆಯಲ್ಲಿ ಕೂರುವುದನ್ನು ಬಿಟ್ಟಿದ್ದಾಳೆ. ಅಕ್ಕನನ್ನು ನಿಮ್ಮ ಹಳ್ಳ ನುಂಗಿತು. ಉಳಿದ ಇಬ್ಬರನ್ನು ನನ್ನ ಬೋರ್ಡು ನುಂಗುತ್ತಿದೆ.

ಇಪ್ಪತ್ತೊಂದಕ್ಕೆ, ಬೆಳಿಗ್ಗೆ ಹನ್ನೊಂದು ಗಂಟೆಗೆ ವಿಚಾರಣೆ. ಆ ಚೀಟಿ ಹಿಡಿದು ನೀವೇ ಬನ್ನಿ. ಹರಿದು ಹಾಕಿದ್ದರೆ ಬರಿಗೈಯಲ್ಲೇ ಬಂದು ಬಾಯಿಂದ ಹೇಳಿ. ನ್ಯಾಯಾಧೀಶರ ಮುಂದೆ ಹೇಳುವಷ್ಟು ಧೈರ್ಯ ಸಾಲದಿದ್ದರೆ, ಹೊರಗೆ ಊರುಗೋಲು ಹಿಡಿದು ಕೂತಿರುವ ಮನುಷ್ಯನ ಕಿವಿಯಲ್ಲಾದರೂ ಹೇಳಿ, ಬೋರ್ಡು ಇರಲಿಲ್ಲ ಅಂತ. ನಾನು ಹೇಳಿದರೆ ಅವರು ನಂಬುತ್ತಿಲ್ಲ.

ಇಂತಿ,
ತನ್ನ ಅಕ್ಷರವನ್ನು ತಾನೇ ಸುಳ್ಳೆಂದು ಸಾಬೀತು ಮಾಡಲು ಓಡಾಡುತ್ತಿರುವ,
ಬಸ್ ನಿಲ್ದಾಣದ ಎದುರಿನ ಬೋರ್ಡು ಬರೆಯುವವನು