ಸರಪಳಿಯಲ್ಲಿ ಅತ್ತೆಯ ಜಾಗ

ಬುಧವಾರ, ಮಧ್ಯಾಹ್ನ
ಲಾಂಡ್ರಿಯ ಮೇಲಿನ ಕೋಣೆ

ಪ್ರೀತಿಯ ಅಕ್ಕ,

ನಿನಗೂ ಭಾವನಿಗೂ ಕರ್ತನ ಹೆಸರಿನಲ್ಲಿ ವಂದನೆ. ನಿನ್ನ ಸೊಂಟದ ಮೇಲೆ ಕೂತಿರುವ ನನ್ನ ಗುಬ್ಬಿಗೆ ಮುತ್ತು. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡುತ್ತೇವಲ್ಲ ಅಂತೀಯ. ಅದರಲ್ಲಿ ನೀನು "ಹುಷಾರಾ?" ಅಂತೀಯ, ನಾನು "ಹುಷಾರು" ಅಂತೀನಿ. ಅಲ್ಲಿಗೆ ಮಾತು ಮುಗಿಯಿತು, ಹೇಳಬೇಕಾದ್ದು ಹಾಗೇ ಉಳಿಯಿತು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಹೋದ ವಾರ ಎದೆ ಡಾಕ್ಟರ ಹತ್ತಿರ ಹೋಗಿದ್ದೆ. "ಎರಡು ಸಲ ಕಫ ನೋಡಿದ್ದಾಯ್ತು, ಕ್ರಿಮಿ ಇಲ್ಲ. ಮಾತ್ರೆ ಮಾತ್ರ ಬಿಡಬೇಡ. ಮಗುನ ಎತ್ಕೋಬಹುದು ಕಣಮ್ಮ, ಇನ್ಯಾಕೆ ಬಾಗಿಲು ಹಾಕ್ಕೊಂಡು ಕೂತಿದೀಯ?" ಅಂದರು. ತಲೆಯಾಡಿಸಿ ಬಂದವಳು ಮಹಡಿ ಹತ್ತಿ ಮತ್ತೆ ಬಾಗಿಲು ಹಾಕಿಕೊಂಡೆ! ನಿನಗೆ ಹೇಳಲಿಲ್ಲ. ಹೇಳಿದ್ದರೆ ಅಂದೇ ಗುಬ್ಬಿಯನ್ನು ಎತ್ತಿಕೊಂಡು ಇಲ್ಲಿಗೆ ಹೊರಟುಬಿಡುತ್ತಿದ್ದೆ ನೀನು. ಕ್ಷಯದ ಕ್ರಿಮಿ ಅಂದರೇನು, ಅದು ಹೇಗೆ ಸಾಯುತ್ತದೆ ಅಂತ ಕಾಲೇಜಿನಲ್ಲಿ ಪುಟಗಟ್ಟಲೆ ಬರೆದು ಪಾಸಾದವಳು ನಾನು. ಆದರೂ ಸಣ್ಣ ಕೆಮ್ಮು ಬಂದರೆ ಅವನ ಪುಟ್ಟ ಎದೆಗೂಡು ಕಣ್ಣೆದುರು ನಿಲ್ಲುತ್ತಿತ್ತು. ಇಷ್ಟು ತಿಂಗಳು ಮುಟ್ಟದೆ ಉಳಿಸಿಕೊಂಡವನನ್ನು ಮುಟ್ಟಿ ಕಳೆದುಕೊಂಡರೆ?

ಈ ಕೋಣೆಯನ್ನು ನೀನು ನೋಡಿಲ್ಲ. ಗಿರಾಕಿಗಳು ಮರೆತು ಹೋದ ಬಟ್ಟೆ ಇಡುತ್ತಿದ್ದ ಜಾಗ. ಈಗಲೂ ಒಂದು ಗೋಡೆಯುದ್ದಕ್ಕೂ ಯಾರ್ಯಾರದೋ ಕೋಟುಗಳು ತೂಗುತ್ತಿವೆ. ಕೆಳಗೆ ಇಸ್ತ್ರಿ ಒತ್ತಿದಾಗಲೆಲ್ಲ ಹಲಗೆಯ ಸಂದಿನಿಂದ ಬೆಚ್ಚಗಿನ ಹಬೆ ಬರುತ್ತದೆ. ಮೊದಲ ಮಾತ್ರೆ ನಾಟದೆ ಹೊಸ ಮಾತ್ರೆ ಹಿಡಿಯುವವರೆಗೆ ಇವರು ತಟ್ಟೆಯನ್ನು ಮೆಟ್ಟಿಲ ತುದಿಯಲ್ಲಿಟ್ಟು, ಕೆಳಗಿಳಿದು ನಿಂತು ಮಾತಾಡಿಸುತ್ತಿದ್ದರು. "ನೀನೂ ಆ ಕೋಟುಗಳ ಸಾಲಿಗೆ ಸೇರ್ಕೊಂಡುಬಿಡಬೇಡ ಕಣೇ. ನಿನ್ನ ವಾರಸುದಾರ ಇಲ್ಲೇ ನಿಂತಿದೀನಿ." ನಗುತ್ತಿದ್ದೆ. ಅವರು ಹೋದ ಮೇಲೆ ಕೋಟುಗಳನ್ನು ನೋಡುತ್ತಾ ಅಳುತ್ತಿದ್ದೆ. ನಿದ್ದೆಯಂತೂ ನನ್ನ ಕಡೆ ತಲೆ ಹಾಕುತ್ತಿರಲಿಲ್ಲ. ಪ್ರಾರ್ಥನೆಯನ್ನೂ ಬಿಟ್ಟಿದ್ದೆ. ಬಾಯಿ ತೆರೆದರೆ "ಯಾಕೆ?" ಅನ್ನುವುದೊಂದೇ ಬರುತ್ತಿತ್ತು, ಅದನ್ನೇ ಎಷ್ಟು ಸಲ ಕೇಳುವುದು?

ಹೊತ್ತು ಹೋಗಲಿ ಅಂತ ಇವರು ಅಂಗಡಿಯ ಹಳೇ ಫೋನನ್ನು ವೈರು ಎಳೆದು ನನ್ನ ಮಂಚದ ಪಕ್ಕಕ್ಕೆ ತಂದಿಟ್ಟರು. ಎಲ್ಲ ಎಡವಟ್ಟೂ ಅಲ್ಲಿಂದಲೇ ಶುರು.

ನಮ್ಮ ಸಭೆಯಲ್ಲಿ ಪ್ರಾರ್ಥನಾ ಸರಪಳಿ ಅಂತ ಒಂದಿದೆ. ಯಾರಿಗಾದರೂ ಕಷ್ಟ ಬಂದರೆ ಪಾಸ್ಟರಮ್ಮ ಒಬ್ಬರಿಗೆ ಫೋನ್ ಮಾಡುತ್ತಾರೆ. ಅವರು ಪ್ರಾರ್ಥನೆ ಮಾಡಿ ಮುಂದಿನವರಿಗೆ ತಿಳಿಸುತ್ತಾರೆ, ಅವರು ಇನ್ನೊಬ್ಬರಿಗೆ. ಕಷ್ಟ ಹೇಳಬೇಕು, ಹೆಸರು ಹೇಳಬಾರದು. ಇಲ್ಲದಿದ್ದರೆ ಪ್ರಾರ್ಥನೆಗಿಂತ ಮುಂಚೆ ಚಾಡಿ ಊರು ಸುತ್ತುತ್ತದೆ, ಅದಕ್ಕೆ. ಟೈಲರ್ ಅಜ್ಜಿ ಆದ ಮೇಲೆ ನಮ್ಮ ಅತ್ತೆಯ ಸರದಿ, ಅತ್ತೆ ಆದ ಮೇಲೆ ಸ್ಕೂಲ್ ವ್ಯಾನಿನ ಡ್ರೈವರಣ್ಣ. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಆ ಕೊಂಡಿ ಕಳಚಿತು ಅಂದುಕೊಂಡಿದ್ದೆ. ಇಲ್ಲ! ಇವರೇ ಇಸ್ತ್ರಿ ಒತ್ತುತ್ತಾ ಫೋನ್ ಎತ್ತಿ "ಆಗ್ಲಿ ಅಜ್ಜಿ" ಅನ್ನುತ್ತಿದ್ದರಂತೆ. ನನಗೊಂದು ಮಾತು ಹೇಳಿರಲಿಲ್ಲ. ಫೋನ್ ಮೇಲಕ್ಕೆ ತರುವಾಗ ಇದನ್ನೇ ಮರೆತಿದ್ದರು.

ಒಂದು ಬೆಳಿಗ್ಗೆ ಫೋನ್ ಬಡಿದುಕೊಂಡಿತು. ಅಜ್ಜಿಗೆ ಕಿವಿ ಮಂದ, ಯಾರು ಎತ್ತಿದರು ಅಂತ ಕೇಳುವ ಅಭ್ಯಾಸವೇ ಇಲ್ಲ.

"ಕೇಳಿಸ್ಕೋ. ಒಬ್ಬಳು ಎಳೇ ತಾಯಿ. ಎದೆ ಕಾಯಿಲೆ. ಹಾಲು ಕುಡಿಯೋ ಕೂಸನ್ನ ಅಕ್ಕನ ಮನೇಲಿ ಬಿಟ್ಟಿದಾರೆ. ನಿದ್ದೆ ಇಲ್ಲ, ಪ್ರಾರ್ಥನೆನೂ ಬಿಟ್ಟುಬಿಟ್ಟಿದಾಳಂತೆ, ಪಾಪ. ಪ್ರಾರ್ಥನೆ ಮಾಡಿ ಮುಂದಕ್ಕೆ ತಳ್ಳು. ಇಡ್ಲಾ?" ಅಂದು ಇಟ್ಟೇಬಿಟ್ಟರು.

ನನ್ನ ಕಷ್ಟ ಮನೆ ಮನೆ ಸುತ್ತಿ ಕೊನೆಗೆ ನನ್ನ ಬಾಗಿಲನ್ನೇ ತಟ್ಟಿತ್ತು, ಅಕ್ಕ. ಮೊದಲು ಮೈಯೆಲ್ಲ ಉರಿಯಿತು. ಪಾಪವಂತೆ ಪಾಪ! ಈ ಸಭೆಯವರನ್ನು ಪ್ರಾರ್ಥಿಸಿ ಅಂತ ಕೇಳಿದವರು ಯಾರು? ಫೋನಿಗೆ ಬೆನ್ನು ಹಾಕಿ ಮಲಗಿದೆ. ಆದರೆ ಆ ಕಡೆ ಡ್ರೈವರಣ್ಣ ಕಾಯುತ್ತಿರುತ್ತಾರೆ. ಅವರ ನಂತರ ಇನ್ನೂ ಎಷ್ಟೋ ಜನ. ನಾನು ಸುಮ್ಮನಾದರೆ ಸರಪಳಿ ನನ್ನಲ್ಲೇ ತುಂಡಾಗುತ್ತದೆ. ಪ್ರಾರ್ಥಿಸದೆ ಮುಂದೆ ತಳ್ಳುವುದು ಮೋಸ. ಕೊನೆಗೆ ಎದ್ದು ಮಂಚದ ಪಕ್ಕ ಮೊಣಕಾಲೂರಿದೆ. "ಕರ್ತನೇ, ಒಬ್ಬಳು ಎಳೇ ತಾಯಿ..." ಅಂತ ಶುರುಮಾಡಿದೆ. ನನಗಾಗಿ ಬಾರದ ಮಾತು ಅವಳಿಗಾಗಿ ಬಂತು. ನನ್ನ ಮೇಲೆ ನನಗಿದ್ದ ಸಿಟ್ಟು ಅವಳ ಮೇಲಿರಲಿಲ್ಲ. ಮಗುವಿಗೆ ಕಾಯಿಲೆ ಅಂಟಿಸಲು ಹೊರಟ ಪಾಪಿಯಾಗಿ ಅವಳು ಕಾಣಲಿಲ್ಲ. ದಣಿದು ಹೋದ ಒಬ್ಬ ಹುಡುಗಿ, ಅಷ್ಟೇ. ಅವಳನ್ನು ಕರ್ತನು ನೋಡುತ್ತಿದ್ದಾನೆ ಅಂತ ನಂಬುವುದು ಎಷ್ಟು ಸುಲಭವಾಯಿತು ಗೊತ್ತಾ?

ಗಂಟಲು ಸರಿಮಾಡಿಕೊಂಡು ಡ್ರೈವರಣ್ಣನಿಗೆ ಫೋನ್ ಮಾಡಿದೆ. "ಆಯ್ತಮ್ಮ. ಗಾಡಿ ನಿಲ್ಸಿ ಮಾಡ್ತೀನಿ. ಓಡಿಸ್ತಾ ಕಣ್ಮುಚ್ಚೋಕಾಗಲ್ಲ ನೋಡಿ" ಅಂದರು. ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ನಕ್ಕೆ. ಇವರು ಕೆಳಗಿನಿಂದ "ಏನಾಯ್ತೇ?" ಅಂತ ಕೂಗಿದರು. ಸರಪಳಿಯ ವಿಷಯ ಕೇಳಿದರೆ ತಲೆ ತಗ್ಗಿಸಿ, "ಪಾಸ್ಟರಮ್ಮನಿಗೆ ನಿನ್ನ ವಿಷಯ ಹೇಳಿದ್ದೂ ನಾನೇ. ಅಮ್ಮನ ಜಾಗ ಖಾಲಿ ಬಿಡೋಕೆ ಮನಸ್ಸಾಗಲಿಲ್ಲ" ಅಂದರು.

ಅವತ್ತಿನಿಂದ ಆ ಜಾಗ ನನ್ನದು. ಕಣ್ಣಿನ ಆಪರೇಷನ್ ಆಗಬೇಕಾದ ಮುದುಕರು, ಕೆಲಸ ಹೋದ ಗುಮಾಸ್ತ, ಮಾತು ಬಿಟ್ಟ ಅಣ್ಣತಮ್ಮಂದಿರು, ಎಲ್ಲರೂ ಹೆಸರಿಲ್ಲದೆ ನನ್ನ ಕೋಣೆಗೆ ಬಂದು ಹೋಗುತ್ತಾರೆ. ಶಿಲುಬೆಗೇರುವ ಹಿಂದಿನ ರಾತ್ರಿ ಎಚ್ಚರವಾಗಿರಿ ಅಂತ ಕರ್ತನೇ ಹೇಳಿದರೂ ಶಿಷ್ಯರು ತೋಟದಲ್ಲಿ ಗೊರಕೆ ಹೊಡೆದರಲ್ಲ, ಆ ವಿಷಯದಲ್ಲಿ ನಾನೇ ವಾಸಿ! ನಿದ್ದೆಗೆಟ್ಟವಳಿಗೂ ದೇವರ ಮನೆಯಲ್ಲಿ ಒಂದು ಕೆಲಸ ಸಿಕ್ಕಿತು. ವಿಚಿತ್ರ ಅಂದರೆ, ಕೆಲಸ ಸಿಕ್ಕ ಮೇಲೆ ಆಗಾಗ ನಿದ್ದೆಯೂ ಬರುತ್ತಿದೆ.

ಆದರೂ ಅವನನ್ನು ಎತ್ತಿಕೊಳ್ಳುವ ಧೈರ್ಯ ಬರಲಿಲ್ಲ. ಸೋಮವಾರ ಪಾಸ್ಟರಮ್ಮನಿಗೆ ನಾನೇ ಫೋನ್ ಮಾಡಿ, ನನ್ನ ಭಯವನ್ನೂ ಸರಪಳಿಗೆ ಹಾಕಿ ಅಂದೆ. ನಿನ್ನೆ ಅದು ಅಜ್ಜಿಯ ಬಾಯಿಂದ ನನಗೆ ಬಂತು. ಮೊಣಕಾಲೂರಿ, ಡ್ರೈವರಣ್ಣನಿಗೆ ತಿಳಿಸಿದೆ: "ಒಬ್ಬ ತಾಯಿಗೆ ಡಾಕ್ಟರು ಮಗು ಎತ್ಕೋಬಹುದು ಅಂದಿದಾರೆ. ಅವಳಿಗೆ ಭಯ ಹೋಗ್ತಿಲ್ಲ."

ಅವರು ಗಾಡಿ ಪಕ್ಕಕ್ಕೆ ನಿಲ್ಲಿಸಿದ ಸದ್ದು ಕೇಳಿಸಿತು. ಆಮೇಲೆ, "ಆ ತಾಯಿಗೆ ಹೇಳಿ, ಭಾನುವಾರ ನನ್ನ ವ್ಯಾನು ಖಾಲಿ. ಆರಾಧನೆ ಮುಗಿದ ಮೇಲೆ ಅವರ ಅಕ್ಕನ ಮನೆಗೆ ಬಿಡ್ತೀನಿ" ಅಂದರು.

"ಅವರು ಯಾರು ಅಂತ ನಿಮಗೆ ಗೊತ್ತಾ ಅಣ್ಣ?"

"ಹೆಸರು ಕೇಳಬಾರದಲ್ಲಮ್ಮ. ನಾನು ಲಾಂಡ್ರಿ ಮುಂದೆ ಹಾರ್ನ್ ಹೊಡೀತೀನಿ, ಅಷ್ಟೇ."

ಭಯ ತೆಗೆದುಬಿಡು ಅಂತ ಕರ್ತನನ್ನು ಬೇಡಿದ್ದೆ. ಅವನು ತೆಗೆಯಲಿಲ್ಲ, ನನ್ನನ್ನು ಎಬ್ಬಿಸಿ ನಿಲ್ಲಿಸಿದ. ಫೋನಿಟ್ಟು, ಬಾಗಿಲು ತೆರೆದು, ಗೋಡೆ ಹಿಡಿದು ಅಂಗಡಿಗೆ ಇಳಿದೆ. ಇವರು ನನ್ನನ್ನೇ ನೋಡುತ್ತಾ ನಿಂತುಬಿಟ್ಟರು. ಯಾರದೋ ಅಂಗಿಯ ತೋಳು ಸುಟ್ಟು ಕರಕಲಾಯಿತು. "ಸುಡ್ಲಿ ಬಿಡು!" ಅಂದರು, ಆ ಜಿಪುಣನ ಬಾಯಲ್ಲಿ!

ಭಾನುವಾರ ಬರುತ್ತೇನೆ ಅಕ್ಕ. ಕರ್ತನ ನೆರಳು ನಿಮ್ಮ ಮೂವರ ಮೇಲಿರಲಿ. ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ಮೊನ್ನೆ ನಾವು ಮಾತಾಡುತ್ತಿದ್ದಾಗ ಹಿಂದಿನಿಂದ ಗುಬ್ಬಿ "ಅಮ್ಮ" ಅಂದ. ನನಗೆ ಕೇಳಿಸಿತು. ಅದಕ್ಕಿಂತ ನೀನು ತಟ್ಟನೆ "ಓ" ಅಂದದ್ದು ಕೇಳಿಸಿತು. ಮರುಕ್ಷಣ ಹೆದರಿ ಸುಮ್ಮನಾದೆಯಲ್ಲ, ಅದೂ ಕೇಳಿಸಿತು. ಕೆಮ್ಮು ಬಂತು ಅಂತ ಸುಳ್ಳು ಹೇಳಿ ಫೋನಿಟ್ಟು, ದಿಂಬು ಕಚ್ಚಿಕೊಂಡು ಅತ್ತೆ. ಸಂಕಟ ನನ್ನದೊಂದೇ ಅಂದುಕೊಂಡಿದ್ದೆ. ಮದುವೆಯಾಗಿ ಇಷ್ಟು ವರ್ಷ ಖಾಲಿ ಮಡಿಲಿನಲ್ಲಿದ್ದವಳು ನೀನು. ಆ "ಓ" ಎಷ್ಟು ಕಾಲದಿಂದ ನಿನ್ನ ಗಂಟಲಲ್ಲಿ ಕಾದಿತ್ತೋ! ಭಾನುವಾರ ನಾನು ಅವನನ್ನು ಕರೆದುಕೊಂಡು ಹೋಗಲು ಬರುತ್ತಿಲ್ಲ. ನಿನ್ನ ಮನೆಯಲ್ಲೇ ಉಳಿಯಲು ಬರುತ್ತಿದ್ದೇನೆ, ಅವನು ನನ್ನನ್ನು ಗುರುತು ಹಿಡಿಯುವವರೆಗೆ, ನಿನ್ನ ಕೈ ತಾನಾಗಿ ಸಡಿಲವಾಗುವವರೆಗೆ. ಅವನು ಕೂಗಿದರೆ ನೀನು ಓಗೊಡು, ಅಕ್ಕ. ನಾನೂ ಓಗೊಡುತ್ತೇನೆ.