ಕುರ್ಚಿ ಬಿಟ್ಟವನ ಹೆಸರು ನಿನ್ನದು

ಕೆಂಪನಕಟ್ಟೆ, ಉಡಿಗಾಲದ ಹತ್ತಿರ
೧೮ ಜನವರಿ ೨೦೨೬, ಭಾನುವಾರ

ನನ್ನ ಒಡಹುಟ್ಟಿದ ನೇರಳೆಗೆ, ಅಕ್ಕ ಚಿಕ್ಕನಿಂಗಿಯ ಆಶೀರ್ವಾದ.

ಇಲ್ಲಿ ನಾನು, ನನ್ನ ಎಮ್ಮೆ, ನನ್ನ ಮಂಡಿನೋವು ಮೂವರೂ ಗಟ್ಟಿಮುಟ್ಟಾಗಿದ್ದೇವೆ. ಗುಂಡ್ಲುಪೇಟೆಯಲ್ಲಿ ನೀನು, ಶಾಂತಿ, ಮಗಳು ಮೇಘನಾ ಹೇಗಿದ್ದೀರಿ? ನಿನಗೆ ಅರಿಶಿನದ ಮಂಡಿ, ನನಗೆ ನೋವಿನ ಮಂಡಿ, ದೇವರು ಇಬ್ಬರಿಗೂ ಕಡಿಮೆ ಮಾಡಿಲ್ಲ. ಶಾಂತಿ ಕಳಿಸಿದ ಎಳ್ಳುಬೆಲ್ಲ ಮುಟ್ಟಿತು. ಕೊಬ್ಬರಿ ಧಾರಾಳವಾಗಿ ಹಾಕಿದ್ದಾಳೆ, ನಮ್ಮ ವಂಶದಲ್ಲಿ ಹುಟ್ಟಿದವಳಲ್ಲ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿ, "ಅಕ್ಕ, ಪಂಚಾಯ್ತಿ ಎಲೆಕ್ಷನ್ ಬತ್ತಾ ಅದೆ. ಈ ಸಲ್ವೂ ನೀನೇ ನಿಂತ್ಕೊ. ಅಧ್ಯಕ್ಷೆ ಸೀಟು ಮತ್ತೆ ನಮ್ಗೇ ಬತ್ತದಂತೆ. ನೀನು ಸೈನ್ ಆಕು, ಮಿಕ್ಕಿದ್ದು ನಾನ್ ನೋಡ್ಕತೀನಿ" ಅಂದು ತಿಂಗಳಾಗುತ್ತ ಬಂತು. "ಯೋಚ್ನೆ ಮಾಡಿ ಯೋಳ್ತೀನಿ ಕಣಪ್ಪ" ಅಂದು ಸುಮ್ಮನಾಗಿದ್ದೆ. ಈಗ ಯೋಚನೆ ಮುಗಿದಿದೆ. ಫೋನಿನಲ್ಲಿ ಹೇಳೋಣವೆಂದರೆ ನಾನು ಅರ್ಧ ಹೇಳುವುದರೊಳಗೆ ಉಳಿದರ್ಧ ನೀನೇ ಹೇಳಿ ಮುಗಿಸುತ್ತೀಯ. ಕಾಗದದ ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು.

ಈ ಒಂದು ತಿಂಗಳು ಕೂತರೂ ನಿಂತರೂ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಅಪ್ಪನ ಗೋಡೆ. ನಡುಮನೆಯ ಮಣ್ಣಿನ ಗೋಡೆಯ ಮೇಲೆ ಕೆಮ್ಮಣ್ಣು ಕಲಸಿ ಅಪ್ಪ ಬಿಡಿಸಿದ್ದನಲ್ಲ, ಆಫ್ರಿಕಾ ಖಂಡ! ಕೆನ್ಯಾದೊಳಗೆ ಕೆನ್ಯಾಟ, ಸೆನೆಗಲ್ ಒಳಗೆ ಸೆಂಘೋರ್ ಅಂತ ಒಂದೊಂದು ದೇಶದಲ್ಲೂ ಅಲ್ಲಿ ಆಳುವವನ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದಿದ್ದ. ಶಾಲೆಯಿಂದ ಬಂದು ಕಾಲು ತೊಳೆದರೆ ರೇಡಿಯೋ ವಾರ್ತೆ, ವಾರ್ತೆ ಮುಗಿದರೆ ನಮಗೆ ಪರೀಕ್ಷೆ. ಚಿಕ್ಕಮಾದು ಮೇಷ್ಟ್ರ ಮನೆಯಲ್ಲಿ ಅಧ್ಯಕ್ಷರ ಹೆಸರು ಹೇಳದೆ ಯಾರಿಗೂ ಮುದ್ದೆ ಬೀಳುತ್ತಿರಲಿಲ್ಲ.

"ಅವ್ರೂ ನಮ್ಮಂಗೆ ಇನ್ನೊಬ್ರ ಕೈಕೆಳ್ಗೆ ಇದ್ದೋರು ಕಣಮ್ಮಿ. ಈಗ ಅವ್ರ ಮನೆ ಅವ್ರೇ ಆಳ್ತಾವ್ರೆ. ಎಸ್ರಾದ್ರೂ ತಿಳ್ಕಬ್ಯಾಡ್ವಾ ನಾವು?" ಅನ್ನುತ್ತಿದ್ದ. ಆದರೆ ಆ ಹೆಸರುಗಳು ನಿಲ್ಲುತ್ತಿದ್ದವೇ? ಒಂದು ದಿನ ಒಬ್ಬನನ್ನು ಮಿಲಿಟರಿಯವರು ಓಡಿಸಿದರು, ಇನ್ನೊಂದು ದಿನ ಇನ್ನೊಬ್ಬನನ್ನು ಕೊಂದರು. ಘಾನಾದ ಎನ್‌ಕ್ರುಮಾನನ್ನು ಅಳಿಸಿದ್ದು ನನಗೆ ನೆನಪಿಲ್ಲ, ಆಮೇಲೆ ಬಿದ್ದವರಿಗೆಲ್ಲ ಒದ್ದೆ ಬಟ್ಟೆ ಹಿಡಿದು ನಿಂತವಳು ನಾನೇ. ಅವ್ವ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು: "ಅಲ್ಲೆಲ್ಲೋ ಒಬ್ಬ ಕುರ್ಚಿಯಿಂದ ಬಿದ್ರೆ ಇಲ್ಲಿ ನನ್ ಗ್ವಾಡೆ ಒದ್ದೆ ಆಯ್ತದಲ್ಲಪ್ಪ!" ಆ ನಗು, ಆ ಹೊಗೆ, ಒದ್ದೆ ಮಣ್ಣಿನ ಆ ವಾಸನೆ ಎಲ್ಲ ಹೋಯಿತಲ್ಲೋ.

ನಿನ್ನ ಹೆಸರಿನ ಕತೆ ನಿನಗೆ ಅರ್ಧ ಗೊತ್ತು, ಉಳಿದರ್ಧ ಕೇಳು. ನೀನು ಹುಟ್ಟಿದ್ದು ಅರವತ್ತೇಳರಲ್ಲಿ. ಅಪ್ಪ ಮೊದಲು ಇಡಬೇಕೆಂದಿದ್ದುದು ಜಾಂಬಿಯಾದ ಅಧ್ಯಕ್ಷನ ಹೆಸರು, ಕೌಂಡ. ಮೇಲಿನ ಬೀದಿಯ ಯಜಮಾನರ ಕಿವಿಗೆ ಅದು ಗೌಡ ಅಂತ ಬಿತ್ತು. "ಏನ್ ಮೇಷ್ಟ್ರೇ, ನಿಮ್ ಕೇರೀಲಿ ಗೌಡ ಉಟ್ಟವ್ನಂತೆ?" ಅಂದು ಮೀಸೆ ತಿರುವಿದರಂತೆ. ಅಪ್ಪ ಜಗಳಕ್ಕೆ ನಿಲ್ಲಲಿಲ್ಲ. ಮನೆಗೆ ಬಂದು ಗೋಡೆ ನೋಡಿದ. ಪಕ್ಕದ ದೇಶ ತಾಂಜಾನಿಯ, ಅದರ ಅಧ್ಯಕ್ಷ ನೈರೇರೆ. ಅವನೂ ಮೊದಲು ಮೇಷ್ಟ್ರಾಗಿದ್ದವನೇ, ಅಲ್ಲಿನ ಜನ ಅವನನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರಂತೆ. ನಿನಗೆ ನೈರೇರೆ ಅಂತ ಹೆಸರಾಯಿತು. ಮೂರೇ ದಿನಕ್ಕೆ ಊರು ಅದನ್ನು ನೇರಳೆ ಮಾಡಿಬಿಟ್ಟಿತು. ಯಜಮಾನರಿಗೂ ಸಮಾಧಾನವಾಯಿತು, ಹಣ್ಣಿಗೆ ಜಾತಿ ಎಲ್ಲಿದೆ?

ನಾಲ್ಕು ವರ್ಷ ಮುಂಚೆ ನಾನು ಹುಟ್ಟಿದಾಗಲೂ ಅಪ್ಪ ಗೋಡೆಯೆಲ್ಲ ಹುಡುಕಿದ್ದನಂತೆ. ಅಷ್ಟು ದೊಡ್ಡ ಖಂಡದಲ್ಲಿ ಒಬ್ಬ ಹೆಂಗಸು ಅಧ್ಯಕ್ಷೆ ಇರಲಿಲ್ಲ. ಅದಕ್ಕೆ ನನಗೆ ಅಜ್ಜಿಯ ಹೆಸರು. ಬುದ್ಧಿ ಬಂದ ಮೇಲೆ ನಾನು ಅತ್ತು ರಂಪ ಮಾಡಿದೆ. ಅಪ್ಪ ಮಡಿಲಲ್ಲಿ ಕೂರಿಸಿಕೊಂಡು, "ಯಾವತ್ತಾದ್ರೂ ಅಲ್ಲಿ ಒಬ್ಳು ಓಟ್ ಗೆದ್ದು ಕುರ್ಚಿ ಮೇಲೆ ಕೂತ್ಕತಾಳೆ ಕಣಮ್ಮಿ. ಅವತ್ತು ಅವ್ಳ ಎಸ್ರೇ ನಿಂಗೆ" ಅಂದ. ವಾರ್ತೆ ಬಂದಾಗಲೆಲ್ಲ ನಾನು ಕಿವಿಗೊಡುತ್ತಿದ್ದುದು ಅದಕ್ಕೆ. ಮದುವೆಯಾಗಿ ಎರಡು ಬೀದಿ ದಾಟಿ ಗಂಡನ ಮನೆಗೆ ಹೋದ ಮೇಲೂ ಕೇಳುತ್ತಿದ್ದೆ. ನಿನ್ನ ಭಾವ, ಪಾಪ, ನನಗೆ ಹವಾಮಾನದ ಮೇಲೆ ಆಸೆ ಅಂದುಕೊಂಡಿದ್ದರು.

ತೊಂಬತ್ತೊಂಬತ್ತರ ದಸರಾ ನೆನಪಿದೆಯಾ? ಅದನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ. ತಾಂಜಾನಿಯದ ನೈರೇರೆ ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂತು. ಅಪ್ಪ ಜಗಲಿಗೆ ಬಂದು ತಲೆ ಮೇಲೆ ಕೈ ಹೊತ್ತು, "ನೈರೇರೆ ಓಗ್ಬುಟ್ಟ" ಅಂತ ಅತ್ತ. ನೀನು ಗುಂಡ್ಲುಪೇಟೆಯಲ್ಲಿ ಮಂಡಿ ಸೇರಿದ್ದೆ. ಕೇರಿಯ ಹೆಂಗಸರೆಲ್ಲ ಬಾಯಿ ಬಡಿದುಕೊಂಡು ಓಡಿ ಬಂದರು. ಸತ್ತಿರುವುದು ನಮ್ಮವನಲ್ಲ ಅಂತ ಅವ್ವನೂ ನಾನೂ ಬಾಯಿ ನೋಯುವಷ್ಟು ಹೇಳಿದೆವು. "ಅಯ್ಯೋ, ದುಕ್ಕಕ್ಕೆ ಇವ್ರಿಗೂ ತಲೆ ಕೆಟ್ಟೋಗದೆ" ಅಂತ ನಮ್ಮನ್ನೇ ತಬ್ಬಿಕೊಂಡು ಅತ್ತರು. ಬೆಳಗಾಗುವುದರೊಳಗೆ ಸಂತೆಮರಹಳ್ಳಿಯ ಸೋದರತ್ತೆಗೆ ಸುದ್ದಿ ಮುಟ್ಟಿ, ಅವಳು ಹಾರ ಹಿಡಿದುಕೊಂಡು ಬಂದಿಳಿದಳು. ಅವಳ ಹಿಂದಿನ ಬಸ್ಸಿನಲ್ಲಿ ಹಬ್ಬಕ್ಕೆಂದು ನೀನು ಬಂದಿಳಿದೆ!

"ಸತ್ತಿಲ್ವಾ ನೀನು?" ಅಂದಳು ಅತ್ತೆ, ಮೋಸ ಹೋದವಳ ಹಾಗೆ. "ಈ ಆರ ಏನ್ಲಾ ಮಾಡ್ಲಿ ಈಗ?" ನೀನು, "ಬದ್ಕಿರುವಾಗ್ಲೇ ಆಕ್ಬುಡತ್ತೆ" ಅಂತ ಕುತ್ತಿಗೆ ಚಾಚಿದೆ. ಸತ್ತವನು ಅಧ್ಯಕ್ಷನಾಗಿದ್ದವನು ಅಂತ ಅಪ್ಪ ವಿವರಿಸಿದರೆ ಅವಳು, "ಯಾವ್ ಪಂಚಾಯ್ತಿದ್ಲಾ?" ಅಂದಳು. ಅಪ್ಪ ಮಾತ್ರ ನಗಲಿಲ್ಲ. ಮಾರನೆಯ ದಿನ ತಲೆ ಬೋಳಿಸಿಕೊಂಡು ಬಂದ. ಅವನು ಅಷ್ಟು ನೊಂದುಕೊಂಡದ್ದು ಏಕೆಂದು ನಾನು ಬಲ್ಲೆ. ಎಂಬತ್ತೈದರಲ್ಲಿ ಆ ನೈರೇರೆ ಅಧಿಕಾರ ಬಿಟ್ಟಾಗ ಅಪ್ಪ ನನ್ನನ್ನು ಕೂಗಿ ಕರೆದಿದ್ದ. "ಓಡ್ಸಿದ್ದಲ್ಲ, ಕೊಂದಿದ್ದಲ್ಲ ಕಣಮ್ಮಿ. ತಾನಾಗೇ ಎದ್ದ. ಊರ್ಗೋಗಿ ಬೇಸಾಯ ಮಾಡ್ತಾನಂತೆ. ನಮ್ ನೇರಳೆಗೆ ಒಳ್ಳೆ ಎಸ್ರೇ ಮಡಗ್ಬುಟ್ಟೆ" ಅಂದಿದ್ದ. ಆ ಹೆಸರೊಂದನ್ನು ಅವನು ಅಳಿಸಲೇ ಇಲ್ಲ, ಕೆಳಗೆ ಹೊಸಬನ ಹೆಸರು ಬರೆದುಕೊಂಡ.

ಆ ದಸರಾ ಕಳೆದ ಮರುವರ್ಷ ಅಪ್ಪನೇ ಹೋದ. ಅವನು ಹೇಳಿದ ದಿನ ಬಂದದ್ದು ಎರಡು ಸಾವಿರದ ಆರರಲ್ಲಿ. ಲೈಬೀರಿಯಾ ಅನ್ನುವ ದೇಶದಲ್ಲಿ ಎಲೆನ್ ಅನ್ನುವವಳು ಓಟು ಗೆದ್ದು ಅಧ್ಯಕ್ಷೆಯಾದಳು. ನಾನು ಮೊರ ಕೆಳಗಿಟ್ಟು ಅವ್ವನ ಹತ್ತಿರ ಓಡಿದೆ. ಅವ್ವ ಕೇಳಿಸಿಕೊಂಡು, "ಎಲೆ ಅಂತ ಕರೀಬೇಕಾ ನಿನ್ನ? ತಮ್ಮ ನೇರಳೆ, ಅಕ್ಕ ಎಲೆ. ಅಡ್ಕೆ ಎಲ್ಲಮ್ಮಿ?" ಅಂದಳು. ನಕ್ಕು ನಕ್ಕು ಸಾಕಾಗಿ ಆಮೇಲೆ ಇಬ್ಬರೂ ಅತ್ತೆವು. ಹೆಸರು ಬಂದಿತ್ತು, ಇಡುವವನು ಇರಲಿಲ್ಲ.

ಇನ್ನು ಐದು ವರ್ಷದ ಹಿಂದಿನ ಮಾತು. ಎರಡು ಸಾವಿರದ ಇಪ್ಪತ್ತೊಂದರ ಫೆಬ್ರವರಿಯಲ್ಲಿ ನಾನು ನಮ್ಮ ಪಂಚಾಯಿತಿಗೆ ಅಧ್ಯಕ್ಷೆಯಾದೆ. ಮುಂದಿನ ತಿಂಗಳೇ ಮೇಘನಾ ಫೋನು ಹಿಡಿದು ಬಂದು, "ಅತ್ತೆ, ಅಪ್ಪನ್ ದೇಶದಲ್ಲೂ ಲೇಡಿ ಬಂದ್ರು" ಅಂದಳು. ತಾಂಜಾನಿಯದಲ್ಲಿ ಸಾಮಿಯಾ ಅನ್ನುವ ಹೆಂಗಸು ತಲೆಗೆ ವಸ್ತ್ರ ಸುತ್ತಿಕೊಂಡು ಪ್ರಮಾಣ ಮಾಡುತ್ತಿದ್ದಳು. ನೈರೇರೆಯ ಕುರ್ಚಿ ಅದು! ಮೊನ್ನೆಯ ಚುನಾವಣೆಯಲ್ಲಿ ಅಲ್ಲಿ ಗಲಾಟೆ, ಸಾವುನೋವು ಆಯಿತಂತೆ. ಅಪ್ಪ ಇದ್ದಿದ್ದರೆ ಅವಳಿಗೂ ಒದ್ದೆ ಬಟ್ಟೆ ಕೇಳುತ್ತಿದ್ದನೋ ಏನೋ. ಆದರೆ ಒಂದು ನೋಡು, ಒಳ್ಳೆಯದೋ ಕೆಟ್ಟದ್ದೋ, ಅವಳು ಮಾಡಿದ್ದು ಅವಳ ತಲೆಯ ಮೇಲೇ ಬರುತ್ತದೆ. ನಾನು ಮಾಡಿದ್ದೆಂದು ಹೇಳಿಕೊಳ್ಳಲು ನನಗೆ ಏನಿದೆ?

ನೀನು ಬೈಕಿನಲ್ಲಿ ಅಷ್ಟು ದೂರದಿಂದ ಪ್ರತಿ ಮೀಟಿಂಗಿಗೂ ಬರುತ್ತಿದ್ದೆ. ಪ್ರೀತಿಯಿಂದಲೇ ಬಂದೆ, ಇಲ್ಲವೆನ್ನುವುದಿಲ್ಲ. ಆಫೀಸಿನವರು ನನ್ನನ್ನು ನೋಡಿ ನಗುತ್ತಾರೇನೋ ಅಂತ ನಿನಗೆ ಭಯ. ಮೊದಲ ತಿಂಗಳು ನನ್ನ ಹಿಂದೆ ನಿಂತೆ, ಎರಡನೆಯ ತಿಂಗಳು ಪಕ್ಕದಲ್ಲಿ ಕೂತೆ. ಆಮೇಲೆ ಕುರ್ಚಿ ನಿನ್ನದು, ಪಕ್ಕದ ಸ್ಟೂಲು ನನ್ನದು. ಪಿಡಿಒ ನಿನ್ನ ಮುಖ ನೋಡಿಕೊಂಡೇ "ಅಧ್ಯಕ್ಷರೇ" ಅನ್ನತೊಡಗಿದರು. ನೀನೂ "ಏನ್ ಸಾರ್" ಅನ್ನುತ್ತಿದ್ದೆ.

ಅಧ್ಯಕ್ಷೆಯಾಗಿದ್ದ ಆ ಮೂವತ್ತು ತಿಂಗಳಲ್ಲಿ ನಾನು ಕೇಳಿದ್ದು ಒಂದೇ. ಚೆಂಡು ಹೂವು ಕೀಳಲು ಹೋದ ಹೆಂಗಸರು ಕತ್ತಲಲ್ಲಿ ಕೆರೆ ಏರಿಯ ಮೇಲೆ ನಡೆದು ಬರುತ್ತಾರೆ, ಅಲ್ಲಿಗೆ ನಾಲ್ಕು ದೀಪ ಹಾಕಿಸಿ ಅಂತ. ನಾನು ಎದ್ದು ನಿಂತು, "ಸಾರ್, ಕೆರೆ ಏರಿ…" ಅಂದೆ. ನೀನು, "ಅಕ್ಕ ಯೋಳಾದೇನಂದ್ರೆ" ಅಂತ ಶುರು ಮಾಡಿ ಬಸ್‌ಸ್ಟಾಪಿಗೆ ದೊಡ್ಡ ಕಂಬದ ದೀಪ ಹಾಕಿಸಿದೆ. ಒಳ್ಳೆಯ ದೀಪ, ನಿಜ. ಗಂಡಸರು ಅದರ ಕೆಳಗೆ ಇಸ್ಪೀಟು ಆಡುತ್ತಾರೆ. ಹೆಂಗಸರು ಈಗಲೂ ಏರಿಯ ಮೇಲೆ ಮೊಬೈಲ್ ಬೆಳಕಿನಲ್ಲೇ ಬರುತ್ತಾರೆ. ಹೋದ ವಾರ ಚಿರತೆ ಹೆಜ್ಜೆ ಕಂಡಿತೆಂದು ಇಬ್ಬರು ಕೆಲಸವನ್ನೇ ಬಿಟ್ಟರು.

ಅದಕ್ಕೇ ನನ್ನ ಉತ್ತರ ಹೀಗಿದೆ. ನಾನು ನಿಲ್ಲುತ್ತೇನೆ. ಸೀಟು ಯಾರಿಗೇ ಬರಲಿ, ಮೆಂಬರಾಗಿಯಾದರೂ ನಿಲ್ಲುತ್ತೇನೆ. ಓಟು ಕೇಳುವ ದಿನ ನೀನು ನನ್ನ ಜೊತೆ ಬಾ, ಶಾಂತಿಯನ್ನೂ ಕರೆದುಕೊಂಡು ಬಾ, ನಿನ್ನ ಮಾತಿಗೆ ಜನ ಒಲಿಯುತ್ತಾರೆ. ಆದರೆ ಗೆದ್ದ ಮೇಲೆ ಆ ಆಫೀಸಿನ ಹೊಸ್ತಿಲು ನೀನು ತುಳಿಯಕೂಡದು. ನಾನು ತಪ್ಪು ಮಾತಾಡಿದರೆ ತಪ್ಪೇ ಆಗಲಿ, ನಕ್ಕರೆ ನನ್ನನ್ನು ನೋಡಿ ನಗಲಿ. ತಾನಾಗೇ ಎದ್ದವನ ಹೆಸರು ನಿನಗೆ ಇಟ್ಟಿದ್ದಾನೆ ಅಪ್ಪ. ನನ್ನ ತಮ್ಮ ಎಬ್ಬಿಸಿಕೊಳ್ಳುವವನಲ್ಲ, ಏಳುವವನು ಅಂತಲೇ ನಂಬಿದ್ದೇನೆ. ಒಪ್ಪಿಗೆಯಾದರೆ ಒಂದು ಸಾಲು ಬರೆ. ಆಗದಿದ್ದರೂ ನಾಮಿನೇಷನ್ ಹಾಕುವವಳೇ.

ಸಿಟ್ಟು ಬಂದರೆ ಎರಡು ದಿನ ಇಟ್ಟುಕೋ, ಮೂರನೆಯ ದಿನ ಅವರೆಕಾಯಿ ಸಾರಿಗೆ ಬಾ, ಸೊಗಡು ಚೆನ್ನಾಗಿದೆ. ಮೇಘನಾ ಓದು ಬಿಡದಿರಲಿ. ಶಾಂತಿಯ ಕೈ ಹಾಗೇ ಧಾರಾಳವಾಗಿರಲಿ. ಏಳು ಮಲೆ ಮಾದಪ್ಪ ನಿನ್ನ ಮನೆಯ ದೀಪ ಕಾಯಲಿ.

ನಿನ್ನನ್ನು ಸೊಂಟದ ಮೇಲೆ ಹೊತ್ತು ಆಡಿಸಿದ,
ಅಕ್ಕ ಚಿಕ್ಕನಿಂಗಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕುರ್ಚಿಗಾಗಿ ನಾನು ಇಷ್ಟು ನೊಂದುಕೊಂಡವಳಲ್ಲ ಕಣೋ. ನಾನು ಅಧ್ಯಕ್ಷೆಯಾದ ವರ್ಷದ ಆಗಸ್ಟ್ ಹದಿನೈದು ನಿನಗೆ ನೆನಪಿದೆಯೋ ಇಲ್ಲವೋ. ಪಂಚಾಯಿತಿಯ ಮುಂದೆ ಬಾವುಟ ಹಾರಿಸುವುದು ಅಧ್ಯಕ್ಷರ ಕೆಲಸ. ಯಾವ ಎಳೆ ಜಗ್ಗಿದರೆ ಗಂಟು ಬಿಚ್ಚುತ್ತದೆ ಅಂತ ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಿ ಹಿಂದಿನ ವಾರವೆಲ್ಲ ಕಲಿತಿದ್ದೆ. ಅವ್ವನ ಪೆಟ್ಟಿಗೆಯ ಸೀರೆ ಉಟ್ಟು ಬಂದಿದ್ದೆ. ಹಗ್ಗ ನನ್ನ ಕೈಗೆ ಕೊಟ್ಟರು. ಒಂದು ಸಲ ಎಳೆದೆ, ಬಿಚ್ಚಲಿಲ್ಲ. ಇನ್ನೊಂದು ಸಲ ಎಳೆಯುವ ಮೊದಲೇ ನೀನು, "ಬುಡಕ್ಕ, ಕೊಡಿಲ್ಲಿ" ಅಂದು ಕೈಯಿಂದ ತೆಗೆದುಕೊಂಡೆ. ಬಾವುಟ ಬಿಚ್ಚಿಕೊಂಡಿತು, ಒಳಗೆ ಕಟ್ಟಿದ್ದ ಹೂವೆಲ್ಲ ನಿನ್ನ ತಲೆಯ ಮೇಲೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಖಾಲಿಯಾದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ನಾನೂ ತಟ್ಟಿದೆ.